ಗಿಡ ನೆಟ್ಟ ಮೇಲೆ ರಿವ್ಯೂ ಬಂದರೆ ಏನು ಪ್ರಯೋಜನ? ಕೊಡಗಿನ ತೋಟದ ಪ್ರಯೋಗಗಳಿಗೆ ಮೊದಲೇ ಪರಿಶೀಲನೆ

ಹೂಮಳೆ

ಕಾಫಿ, ಕರಿಮೆಣಸು, ಏಲಕ್ಕಿ, ಕಾಡು, ಇವುಗಳ ಮೇಲೆ ಸಂಶೋಧನೆ ಮಾಡುವವರೂ ಮಾಡಿಸುವವರೂ ಈ ಚರ್ಚಾ ವೇದಿಕೆಯಲ್ಲಿ ಸಾಕಷ್ಟು ಮಂದಿ ಇರುವುದರಿಂದ ಈ ವಿಷಯ ಇಲ್ಲೇ ಎತ್ತುತ್ತಿದ್ದೇನೆ.

ಪೀರ್ ರಿವ್ಯೂ, ಅಂದರೆ ಅದೇ ಕ್ಷೇತ್ರದ ಬೇರೆ ತಜ್ಞರು ಮಾಡುವ ಪರಿಶೀಲನೆ, ಈಗ ನಡೆಯುವುದು ಎಲ್ಲ ಮುಗಿದ ಮೇಲೆ. ಪ್ರಯೋಗ ಮುಗಿಸಿ ಪೇಪರ್ ಕಳಿಸಿದರೆ ಎಡಿಟರ್ ಅದನ್ನು ಇಬ್ಬರು ಮೂವರಿಗೆ ಕೊಡುತ್ತಾರೆ, ಅವರು ತಪ್ಪು ಬರೆದು ಕಳಿಸುತ್ತಾರೆ. ಲ್ಯಾಬ್ ಕೆಲಸಕ್ಕೆ ಇದು ಒಂದು ಮಟ್ಟಿಗೆ ಸರಿ. "ಕಂಟ್ರೋಲ್ (ಹೋಲಿಕೆಗೆ ಇಟ್ಟ, ಉಪಚಾರ ಕೊಡದ ಗುಂಪು) ಸಾಲದು, ಇನ್ನೊಮ್ಮೆ ಮಾಡಿ" ಅಂದರೆ ಕೆಲವು ವಾರದಲ್ಲಿ ಮಾಡಿ ಕಳಿಸಬಹುದು. ತೋಟದಲ್ಲಿ ಹಾಗಾಗುವುದಿಲ್ಲ. ಅರೇಬಿಕಾ ಒಂದು ವರ್ಷ ಹೆಚ್ಚು ಹೊತ್ತರೆ ಮರುವರ್ಷ ಕಡಿಮೆ ಕೊಡುವ ಗಿಡ. ಇಳುವರಿಯ ಬಗ್ಗೆ ನಂಬುವಂಥ ಮಾತು ಹೇಳಬೇಕಾದರೆ ಆ ಏರಿಳಿತದ ಎರಡು ಜೋಡಿಯಾದರೂ, ಅಂದರೆ 4 ಕೊಯ್ಲಾದರೂ ಬೇಕು. ನಾಲ್ಕು ಕೊಯ್ಲು ಮುಗಿಸಿದ ಮೇಲೆ ರಿವ್ಯೂವರ್ "ಒಂದು ಬ್ಲಾಕ್ (ಎಲ್ಲ ಉಪಚಾರಗಳೂ ಒಂದೊಂದು ಸಲ ಬರುವ ಪ್ಲಾಟುಗಳ ಗುಂಪು) ಪೂರ್ತಿ ಒಂದೇ ಎತ್ತರದಲ್ಲಿ ಇರಬೇಕಿತ್ತು, ನೀವು ಮೇಲಿಂದ ಕೆಳಕ್ಕೆ ಹಾಕಿದ್ದೀರಿ" ಎಂದು ಬರೆದರೆ ಅದು ಸರಿಯಾದ ಮಾತೇ. ಆದರೆ ಆ ಹೊತ್ತಿಗೆ ಮಾಡಲು ಏನೂ ಉಳಿದಿರುವುದಿಲ್ಲ. ಹಣ ಹೋಯಿತು, ವರ್ಷ ಹೋಯಿತು, ತೋಟ ಬಿಟ್ಟುಕೊಟ್ಟ ಬೆಳೆಗಾರರ ವಿಶ್ವಾಸವೂ ಹೋಯಿತು.

ಇನ್ನೊಂದು ವಿಷಯ. ಮುಗಿದ ಪೇಪರ್‌ನಲ್ಲಿ ತಪ್ಪು ಹಿಡಿಯುವುದು ನಾವು ಅಂದುಕೊಂಡಷ್ಟು ಸುಲಭವಲ್ಲ. ಬಿಎಂಜೆ ಎಂಬ ವೈದ್ಯಕೀಯ ಜರ್ನಲ್‌ನ ರಿವ್ಯೂವರ್‌ಗಳಿಗೆ, ಬೇಕೆಂದೇ 9 ದೊಡ್ಡ ತಪ್ಪು ಸೇರಿಸಿದ ಪೇಪರ್ ಕೊಟ್ಟು ನೋಡಿದ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ತರಬೇತಿಗೆ ಮೊದಲು ಸರಾಸರಿ ಸಿಕ್ಕಿದ್ದು ಮೂರಕ್ಕಿಂತ ಕಡಿಮೆ. ತರಬೇತಿ ಕೊಟ್ಟ ಮೇಲೂ ಹೆಚ್ಚೇನೂ ಏರಲಿಲ್ಲ. 2014ರಲ್ಲಿ ನ್ಯೂರಿಪ್ಸ್ ಎಂಬ ಕೃತಕ ಬುದ್ಧಿಮತ್ತೆಯ ಸಮ್ಮೇಳನದವರು 166 ಪೇಪರ್‌ಗಳನ್ನು ಎರಡು ಬೇರೆ ಸಮಿತಿಗಳಿಗೆ ಕೊಟ್ಟರು. ಒಂದು ಸಮಿತಿ ಆರಿಸಿದ್ದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಇನ್ನೊಂದು ಸಮಿತಿ ಬಿಟ್ಟುಬಿಟ್ಟಿತ್ತು.

ಇದಕ್ಕೆ ಪರಿಹಾರವಾಗಿ ಈಗಾಗಲೇ ಇರುವ ಕ್ರಮ ರಿಜಿಸ್ಟರ್ಡ್ ರಿಪೋರ್ಟ್. 2013ರಲ್ಲಿ ಕಾರ್ಟೆಕ್ಸ್ ಜರ್ನಲ್‌ನಲ್ಲಿ ಶುರುವಾಗಿ ಇವತ್ತು 300ಕ್ಕೂ ಹೆಚ್ಚು ಜರ್ನಲ್‌ಗಳಲ್ಲಿದೆ. ಮೊದಲ ಹಂತದಲ್ಲಿ ಪ್ರಶ್ನೆ, ವಿನ್ಯಾಸ, ವಿಶ್ಲೇಷಣೆಯ ಯೋಜನೆ ಮಾತ್ರ ಕಳಿಸುತ್ತೀರಿ, ದತ್ತಾಂಶ ಇನ್ನೂ ಇರುವುದಿಲ್ಲ. ರಿವ್ಯೂ ಆಗಿ ಒಪ್ಪಿದರೆ, ಫಲಿತಾಂಶ ಏನೇ ಬಂದರೂ ಪ್ರಕಟಿಸುತ್ತೇವೆ ಎಂದು ಜರ್ನಲ್ ಮಾತು ಕೊಡುತ್ತದೆ. ಎರಡನೇ ಹಂತದಲ್ಲಿ ಹೇಳಿದಂತೆ ಮಾಡಿದ್ದೀರಾ ಎಂದಷ್ಟೇ ನೋಡುತ್ತಾರೆ. ಮನೋವಿಜ್ಞಾನದಲ್ಲಿ ಎರಡೂ ಬಗೆಯ ಪೇಪರ್ ಹೋಲಿಸಿದಾಗ, ಮಾಮೂಲಿ ಪೇಪರ್‌ಗಳಲ್ಲಿ ಶೇ 96ರಲ್ಲಿ ಊಹೆ ನಿಜವಾಗಿತ್ತು, ರಿಜಿಸ್ಟರ್ಡ್ ರಿಪೋರ್ಟ್‌ಗಳಲ್ಲಿ ಶೇ 44ರಲ್ಲಿ. ಉಪಯೋಗವಿಲ್ಲ ಎಂದು ಗೊತ್ತಾದ ಔಷಧಿಯ ಸುದ್ದಿಯೂ ಬೆಳೆಗಾರನಿಗೆ ಬೇಕಾದದ್ದೇ. ಸಿಂಪಡಣೆಯ ದುಡ್ಡು ಉಳಿಯುವುದು ಅದರಿಂದಲೇ.

ಪ್ಲಾಟ್ ಗುರುತು ಹಾಕುವ ಮೊದಲೇ ರಿವ್ಯೂ, ಇದನ್ನು ಜಿಲ್ಲೆಯ ಮಟ್ಟದಲ್ಲಿ ನಾವೇ ಶುರು ಮಾಡಲು ಸಾಧ್ಯವೇ?

ಅಂಕಿಪೆಟ್ಟಿಗೆ

ಸಾಧ್ಯ, ಮಾಡಲೇಬೇಕು. ಯಾವ ತಪ್ಪು ಮೊದಲೇ ಸಿಗುತ್ತದೆ, ಯಾವುದು ಕೊನೆಗೇ ಸಿಗುವುದು ಎಂಬುದನ್ನು ಒಂದು ಮಾದರಿ ಪ್ರಯೋಗ ಇಟ್ಟುಕೊಂಡು ನೋಡೋಣ.

ಕರಿಮೆಣಸಿನ ಶೀಘ್ರ ಸೊರಗು ರೋಗಕ್ಕೆ 5 ಉಪಚಾರ: ಶೇ 1ರ ಬೋರ್ಡೋ ದ್ರಾವಣ, ಬುಡಕ್ಕೆ ಶೇ 0.2ರ ಕಾಪರ್ ಆಕ್ಸಿಕ್ಲೋರೈಡ್, ಇವೆರಡೂ ಸೇರಿ, ಟ್ರೈಕೋಡರ್ಮಾ (ರೋಗ ತಡೆಯುವ ಉಪಕಾರಿ ಶಿಲೀಂಧ್ರ), ಮತ್ತು ಬರೀ ನೀರು. 4 ಸಲ ಪುನರಾವರ್ತನೆ. ಒಟ್ಟು 20 ಪ್ಲಾಟ್, ಪ್ಲಾಟಿಗೆ 12 ಬಳ್ಳಿ, ಅಂದರೆ 240 ಬಳ್ಳಿ.

ಮೊದಲ ತಪ್ಪು, ಎಲ್ಲಕ್ಕಿಂತ ಹೆಚ್ಚು ಕಾಣುವುದು: ಬಳ್ಳಿಯನ್ನೇ ಪುನರಾವರ್ತನೆ ಎಂದು ಎಣಿಸುವುದು. ಉಪಚಾರ ಕೊಟ್ಟದ್ದು ಪ್ಲಾಟಿಗೆ, ಹಾಗಾಗಿ ಲೆಕ್ಕದ ಘಟಕ ಪ್ಲಾಟ್. 20 ಪ್ಲಾಟಿಗೆ ಒಟ್ಟು ಡಿಗ್ರಿ ಆಫ್ ಫ್ರೀಡಂ (ಸ್ವತಂತ್ರವಾಗಿ ಬದಲಾಗಬಲ್ಲ ಅಂಕಿಗಳ ಎಣಿಕೆ) 19. ಅದರಲ್ಲಿ ಉಪಚಾರಕ್ಕೆ 4, ಬ್ಲಾಕಿಗೆ 3 ಹೋದರೆ ಎರರ್‌ಗೆ, ಅಂದರೆ ಇವೆರಡರಿಂದಲ್ಲದ ಏರಿಳಿತಕ್ಕೆ, ಉಳಿಯುವುದು 12. ವ್ಯತ್ಯಾಸ ನಿಜ ಅನ್ನಬೇಕಾದರೆ ಶೇ 5ರ ಮಟ್ಟದಲ್ಲಿ ಎಫ್ ಬೆಲೆ (ಉಪಚಾರಗಳ ನಡುವಿನ ಏರಿಳಿತಕ್ಕೂ ಎರರ್‌ಗೂ ಇರುವ ಅನುಪಾತ) 3.26 ದಾಟಬೇಕು. ಬಳ್ಳಿಗಳನ್ನೇ ಹಾಕಿ ಲೆಕ್ಕ ಮಾಡಿದರೆ ಎರರ್‌ಗೆ 235 ಬರುತ್ತದೆ, ದಾಟಬೇಕಾದ ಗೆರೆ ಸುಮಾರು 2.41ಕ್ಕೆ ಇಳಿಯುತ್ತದೆ. ಗೆರೆ ಇಳಿದದ್ದಕ್ಕಿಂತ ದೊಡ್ಡ ಹಾನಿ ಬೇರೆ ಇದೆ. ಒಂದೇ ಪ್ಲಾಟಿನ ಬಳ್ಳಿಗಳು ಒಂದೇ ಮಣ್ಣು, ಒಂದೇ ನೀರು ಹಂಚಿಕೊಂಡಿರುವುದರಿಂದ ಒಂದನ್ನೊಂದು ಹೋಲುತ್ತವೆ, ಎರರ್ ಸುಳ್ಳಾಗಿ ಚಿಕ್ಕದಾಗಿ ಕಾಣುತ್ತದೆ. ಏನೂ ವ್ಯತ್ಯಾಸವಿಲ್ಲದ ಕಡೆ ಕೋಷ್ಟಕದಲ್ಲಿ "ವ್ಯತ್ಯಾಸ ಖಚಿತ" ಎಂದು ಸೂಚಿಸುವ ಎರಡು ನಕ್ಷತ್ರ ಬಂದು ಕೂರುತ್ತವೆ.

ಎರಡನೆಯದು ಇಳಿಜಾರು. ಸೊರಗು ರೋಗದ ರೋಗಾಣು ಫೈಟಾಪ್ತೊರಾ ಮಳೆನೀರಿನ ಜತೆ ಕೆಳಗೆ ಹರಿಯುತ್ತದೆ. ಬರೀ ನೀರು ಕೊಟ್ಟ ಪ್ಲಾಟ್ ಮೇಲಿದ್ದು ಟ್ರೈಕೋಡರ್ಮಾ ಅದರ ಕೆಳಗಿದ್ದರೆ, ಟ್ರೈಕೋಡರ್ಮಾ ಎದುರಿಸುವುದು ತನ್ನ ಪಾಲಿನ ರೋಗವನ್ನಷ್ಟೇ ಅಲ್ಲ, ಮೇಲಿನವರ ಪಾಲನ್ನೂ. ಪ್ಲಾಟುಗಳ ನಡುವೆ ಲೆಕ್ಕಕ್ಕೆ ಸೇರದ ಕಾವಲು ಸಾಲು ಬಿಡಬೇಕು, ನೀರು ಇಂಗಲು ತೊಟ್ಟಿಲುಗುಂಡಿಯೋ ಹರಿದುಹೋಗಲು ಚರಂಡಿಯೋ ಎಲ್ಲಿದೆ ಎಂದು ನಕ್ಷೆಯಲ್ಲಿ ತೋರಿಸಬೇಕು. ಮುಗಿದ ಪೇಪರ್‌ನಲ್ಲಿ "ರ್‍ಯಾಂಡಮೈಸ್ಡ್ ಬ್ಲಾಕ್ ಡಿಸೈನ್" ಎಂಬ ಮೂರು ಪದ ಮಾತ್ರ ಇರುತ್ತದೆ, ನಕ್ಷೆ ಇರುವುದಿಲ್ಲ. ರಿವ್ಯೂವರ್ ಎಷ್ಟೇ ಜಾಣರಾದರೂ ಕಾಣದ್ದನ್ನು ಹೇಗೆ ಹಿಡಿದಾರು? ಕಾಫಿಯಲ್ಲಿ ಬಿಳಿ ಕಾಂಡಕೊರಕಕ್ಕೂ ಇದೇ ಮಾತು. ನೆರಳು ತೆಳುವಾದ ಕಡೆ ಅದರ ಹಾವಳಿ ಜಾಸ್ತಿ, ಪ್ಲಾಟುಗಳ ನೆರಳು ಅಳೆಯದೆ ಔಷಧಿಯನ್ನು ಹೊಗಳುವಂತಿಲ್ಲ.

ಮೂರನೆಯದು ಕೊನೆಗೇ ಸಿಗುವಂಥದ್ದು, ಆದರೆ ಕಾಗದ ಪೆನ್ಸಿಲಿನಲ್ಲಿ ಹಿಡಿಯಬಹುದು. ಉಪಚಾರಕ್ಕೆ 48 ಬಳ್ಳಿ (4 ಪ್ಲಾಟ್, ತಲಾ 12). ಕೋಷ್ಟಕದಲ್ಲಿ "ಸತ್ತ ಬಳ್ಳಿ ಶೇ 13.64" ಎಂದಿದೆ ಅನ್ನಿ. 48ರಲ್ಲಿ 6 ಸತ್ತರೆ 12.50, 7 ಸತ್ತರೆ 14.58. ನಡುವೆ ಯಾವ ಸಂಖ್ಯೆಯೂ ಬರಲು ಸಾಧ್ಯವಿಲ್ಲ. ಹಾಗೆಂದು ಲೇಖಕರನ್ನು ಕಳ್ಳರು ಅನ್ನಬಾರದು. ಬಹುಪಾಲು ಸಲ ಆಗಿರುವುದು ಇಷ್ಟೇ: ಕೆಲವು ಬಳ್ಳಿ ಬೇರೆ ಕಾರಣಕ್ಕೆ ಹೋಗಿವೆ, ಛೇದ 48ರಿಂದ ಇಳಿದಿದೆ, ಅದನ್ನು ಬರೆದಿಲ್ಲ. ರಿವ್ಯೂನಲ್ಲಿ "ಪ್ರತಿ ಪ್ಲಾಟಿನಲ್ಲಿ ಕೊನೆಗೆ ಎಷ್ಟು ಬಳ್ಳಿ ಉಳಿದವು, ಹೋದವು ಏಕೆ ಹೋದವು, ಪ್ಲಾಟುವಾರು ಕೊಡಿ" ಎಂದು ಒಂದು ಸಾಲು ಕೇಳಿದರೆ ಸಾಕು.

ಮತ್ತೆ, 12 ಉಪಚಾರ ಇಟ್ಟು ಪ್ರತಿಯೊಂದನ್ನೂ ಪ್ರತಿಯೊಂದರ ಜತೆ ಹೋಲಿಸುವವರು 66 ಜೋಡಿ ಹೋಲಿಸುತ್ತಿದ್ದಾರೆ. ನಿಜವಾದ ವ್ಯತ್ಯಾಸ ಏನೂ ಇಲ್ಲದಿದ್ದರೂ ಶೇ 5ರಂತೆ ಸರಾಸರಿ ಮೂರು ಜೋಡಿ ಸುಮ್ಮನೆ ಗೆಲ್ಲುತ್ತವೆ. ಮುಖ್ಯ ಹೋಲಿಕೆ ಯಾವುದು ಎಂದು ಮೊದಲೇ ಬರೆದಿಟ್ಟರೆ ಈ ತಕರಾರೇ ಇಲ್ಲ.

ಗಾಳಿಬೀಡು ತಿರುವು

ಒಂದು ಸಂದೇಹ. ಕಾಫಿ ಹೂ ಅರಳಿಸುವ ಹೂಮಳೆ ಯಾವಾಗ ಬೀಳುತ್ತದೆ, ಅದರ ನಂತರ ಬೇಕಾದ ಬ್ಯಾಕಿಂಗ್ ಮಳೆ ಬರುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಆನೆ ಒಂದು ರಾತ್ರಿ ಎರಡು ಪ್ಲಾಟ್ ತುಳಿದು ಹೋದರೆ? 2018ರ ಹಾಗೆ ಗುಡ್ಡವೇ ಜಾರಿದರೆ? ಮೊದಲೇ ಬರೆದುಕೊಟ್ಟ ಯೋಜನೆಗೆ ಕೈ ಕಟ್ಟಿಹಾಕಿಕೊಂಡರೆ ತೋಟದಲ್ಲಿ ಕೆಲಸ ಮಾಡುವುದು ಹೇಗೆ ಸರ್? ಅದೂ ಅಲ್ಲದೆ ಜರ್ನಲ್‌ನ ರಿವ್ಯೂವರ್ ಎಲ್ಲೋ ಬೇರೆ ದೇಶದಲ್ಲಿ ಕೂತಿರುತ್ತಾರೆ, ಸಿಲ್ವರ್ ಓಕ್‌ಗೆ ಹಬ್ಬಿಸಿದ ಬಳ್ಳಿಗೂ ಹಾಲುವಾಣಕ್ಕೆ ಹಬ್ಬಿಸಿದ್ದಕ್ಕೂ ಏನು ವ್ಯತ್ಯಾಸ ಎಂದು ಅವರಿಗೆ ಹೇಗೆ ಗೊತ್ತಾಗಬೇಕು?

ಹೂಮಳೆ

ಕೈ ಕಟ್ಟಿಹಾಕುವುದಿಲ್ಲ. ಯೋಜನೆ ಬದಲಿಸಬಹುದು, ಬದಲಿಸಿದ್ದನ್ನು ಮುಚ್ಚಿಡುವಂತಿಲ್ಲ, ಅಷ್ಟೇ. ಒಂದು ನೋಟ್‌ಬುಕ್ಕಿನಲ್ಲಿ ತಾರೀಖು, ಏನು ಬದಲಾಯಿತು, ಏಕೆ, ಆ ಹೊತ್ತಿಗೆ ಫಲಿತಾಂಶ ನೋಡಿದ್ದಿರೋ ಇಲ್ಲವೋ, ಈ ನಾಲ್ಕು ಬರೆದರೆ ಸಾಕು. ನಾಲ್ಕನೆಯದೇ ಮುಖ್ಯ. ಅಂಕಿ ನೋಡುವ ಮೊದಲು ಪ್ಲಾಟ್ ಕೈಬಿಟ್ಟದ್ದಕ್ಕೂ ನೋಡಿದ ಮೇಲೆ ಕೈಬಿಟ್ಟದ್ದಕ್ಕೂ ಅಜಗಜಾಂತರ.

ಆನೆಯ ವಿಷಯವನ್ನು ಯೋಜನೆಯಲ್ಲೇ ಬರೆಯಬಹುದು: "ಪ್ಲಾಟಿನ 12ರಲ್ಲಿ 4ಕ್ಕಿಂತ ಹೆಚ್ಚು ಬಳ್ಳಿ ಪ್ರಾಣಿಯಿಂದಲೋ ಮರ ಬಿದ್ದೋ ಹಾಳಾದರೆ ಆ ಪ್ಲಾಟನ್ನು ಆ ವರ್ಷದ ಲೆಕ್ಕದಿಂದ ತೆಗೆಯುತ್ತೇವೆ." ಅದಕ್ಕೇ 4ರ ಬದಲು 5 ಪುನರಾವರ್ತನೆ ಇಟ್ಟರೆ ಒಂದು ಹೋದರೂ ಪ್ರಯೋಗ ನಿಲ್ಲುತ್ತದೆ.

ಹಬ್ಬಿಸುವ ಮರದ ಮಾತು ನೀವು ಎತ್ತಿದ್ದು ಒಳ್ಳೆಯದಾಯಿತು. ಅದಕ್ಕೇ ಮೊದಲ ಹಂತದ ಮೂವರು ರಿವ್ಯೂವರ್‌ಗಳಲ್ಲಿ ಒಬ್ಬರು ಸಂಖ್ಯಾಶಾಸ್ತ್ರ ಬಲ್ಲವರು, ಒಬ್ಬರು ಆ ಬೆಳೆಯ ವಿಜ್ಞಾನಿ, ಮೂರನೆಯವರು ಆ ಬೆಳೆ ಬೆಳೆಯುವ ಬೆಳೆಗಾರರು, ಪ್ರಯೋಗ ನಡೆಯುವ ತೋಟದವರಲ್ಲದವರು, ಆಗಬೇಕು ಅನ್ನುತ್ತೇನೆ. ಇದು ಹೊಸ ಹುಚ್ಚೇನಲ್ಲ. ಬಿಎಂಜೆ 2014ರಿಂದ ರೋಗಿಗಳನ್ನೂ ರಿವ್ಯೂವರ್ ಮಾಡಿಕೊಂಡಿದೆ.

ಏಲಕ್ಕಿಮಲೆ

ರಿವ್ಯೂವರ್ ಯಾರು ಎಂಬುದು ಗುಟ್ಟಾಗಿರಬೇಕೋ ಬೇಡವೋ, ಅದನ್ನೂ ತೀರ್ಮಾನಿಸಿ. ಲೇಖಕರ ಹೆಸರು ಮರೆಮಾಡುವುದಕ್ಕೆ ಒಳ್ಳೆಯ ಕಾರಣ ಇದೆ. 2022ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಒಂದೇ ಪೇಪರ್‌ಗೆ ನೊಬೆಲ್ ಪಡೆದ ವರ್ನನ್ ಸ್ಮಿತ್ ಹೆಸರು ತೋರಿಸಿದಾಗ ಶೇ 23 ರಿವ್ಯೂವರ್‌ಗಳು ತಿರಸ್ಕರಿಸಿ ಅಂದರು. ಹೆಸರಿಲ್ಲದೆ ಕೊಟ್ಟಾಗ ಶೇ 48, ಹೆಸರು ಕೇಳಿರದ ಕಿರಿಯ ಸಹಲೇಖಕರ ಹೆಸರು ತೋರಿಸಿದಾಗ ಶೇ 65. ಪೇಪರ್‌ನಲ್ಲಿ ಒಂದಕ್ಷರವೂ ಬೇರೆ ಇರಲಿಲ್ಲ.

ಆದರೆ ನಮ್ಮಲ್ಲಿ ಹೆಸರು ಮುಚ್ಚಿದರೂ ಮುಚ್ಚಿದ ಹಾಗಾಗುವುದಿಲ್ಲ. ಏಲಕ್ಕಿಯ ಕಟ್ಟೆ ರೋಗ, ಕೊಕ್ಕೆ ಕಂದು, ಇವುಗಳ ಮೇಲೆ ಕೆಲಸ ಮಾಡುವವರು ಬೆರಳೆಣಿಕೆಯಷ್ಟು. (ಎರಡೂ ನಮ್ಮ ತೋಟದ ಮಾತುಗಳು, ಇಂಗ್ಲಿಷ್ ಪೇಪರ್‌ಗಳಲ್ಲೂ ಹಾಗೇ ಬರುತ್ತವೆ.) ಊರು, ಎತ್ತರ, ಮಳೆಯ ಪ್ರಮಾಣ ಓದಿದರೆ ಯಾರ ಕೆಲಸ ಎಂದು ಎರಡನೇ ಪುಟದಲ್ಲೇ ತಿಳಿಯುತ್ತದೆ. ಅವುಗಳನ್ನು ತೆಗೆದುಹಾಕಿದರೆ ಪೇಪರೇ ಉಳಿಯುವುದಿಲ್ಲ.

ಹಾಗಾಗಿ ನನ್ನ ಸಲಹೆ: ರಿವ್ಯೂ ವರದಿ ಪ್ರಕಟವಾಗಲಿ, ಹೆಸರು ಹಾಕುವುದು ಬಿಡುವುದು ರಿವ್ಯೂವರ್ ಇಷ್ಟ. ಐದು ಜರ್ನಲ್‌ಗಳಲ್ಲಿ ವರದಿ ಪ್ರಕಟಿಸಿ ನೋಡಿದ ಅಧ್ಯಯನದಲ್ಲಿ ರಿವ್ಯೂನ ಗುಣಮಟ್ಟ ಕೆಡಲಿಲ್ಲ, ಆದರೆ ಹೆಸರು ಹೇಳಲು ಒಪ್ಪಿದವರು ಶೇ 8.1 ಮಾತ್ರ. ಹೆಸರು ಕಡ್ಡಾಯ ಮಾಡಿದರೆ ನಾಳೆ ತನ್ನ ಸಂದರ್ಶನ ಸಮಿತಿಯಲ್ಲಿ ಕೂರುವ ಹಿರಿಯರ ವಿನ್ಯಾಸ ತಪ್ಪು ಎಂದು ಯಾವ ಕಿರಿಯರೂ ಬರೆಯಲಾರರು. ವರದಿ ಎಲ್ಲರಿಗೂ ಕಾಣುತ್ತದೆ ಎಂದಾದರೆ "ಭಾಷೆ ಸುಧಾರಿಸಿ, ಈ ಮೂರು ಪೇಪರ್ ಉಲ್ಲೇಖಿಸಿ" ಎಂದು ಎರಡು ಸಾಲು ಗೀಚುವ ಚಾಳಿ ನಿಲ್ಲುತ್ತದೆ. ನೇಚರ್ ಕೂಡ 2025ರ ಜೂನ್‌ನಿಂದ ಹೊಸದಾಗಿ ಸಲ್ಲಿಕೆಯಾಗಿ ಪ್ರಕಟವಾಗುವ ಸಂಶೋಧನಾ ಪೇಪರ್‌ಗಳ ಜತೆ ವರದಿಗಳನ್ನು ಹಾಕುವ ಕ್ರಮ ತಂದಿದೆ.

ದೇವರಕಾಡು ದಾರಿ

ಎಲ್ಲ ಸರಿ, ಆದರೆ ಬುಡದ ಪ್ರಶ್ನೆ ಹಾಗೇ ಉಳಿಯಿತು. ಸಂಶೋಧಕರನ್ನು ಅಳೆಯುವ ಕೋಲು ಬದಲಾಗದೆ ರಿವ್ಯೂ ಮಾತ್ರ ಬದಲಾದರೆ ಇದಕ್ಕೆ ಯಾರು ಸಮಯ ಕೊಡುತ್ತಾರೆ?

ಕೃಷಿ ಕ್ಷೇತ್ರದಲ್ಲಿ ನೇಮಕ, ಬಡ್ತಿಗೆ ಜರ್ನಲ್‌ಗೆ ರಾಷ್ಟ್ರೀಯ ಕೃಷಿ ವಿಜ್ಞಾನ ಅಕಾಡೆಮಿ ಕೊಡುವ ಅಂಕ, ಅಂದರೆ ನಾಸ್ ರೇಟಿಂಗ್ ನೋಡುತ್ತಾರೆ. ಇಂಪ್ಯಾಕ್ಟ್ ಫ್ಯಾಕ್ಟರ್ ಇರುವ ಜರ್ನಲ್‌ಗಳಲ್ಲಿ ಅದಕ್ಕೂ ಬುನಾದಿ ಅದೇ. ಇಂಪ್ಯಾಕ್ಟ್ ಫ್ಯಾಕ್ಟರ್ ಅಂದರೆ ಜರ್ನಲ್ ಹಿಂದಿನ ಎರಡು ವರ್ಷ ಪ್ರಕಟಿಸಿದ್ದಕ್ಕೆ ಈ ವರ್ಷ ಬಂದ ಉಲ್ಲೇಖಗಳನ್ನು ಆ ಎರಡು ವರ್ಷದ ಪೇಪರ್ ಸಂಖ್ಯೆಯಿಂದ ಭಾಗಿಸಿದ್ದು. ಸರಾಸರಿ ಇಲ್ಲಿ ಮೋಸ ಮಾಡುತ್ತದೆ. 50 ಪೇಪರ್, 100 ಉಲ್ಲೇಖ ಇದ್ದರೆ ಅಂಕ 2. ಆ 100ರಲ್ಲಿ 70 ಎರಡೇ ಪೇಪರ್‌ಗೆ ಬಂದಿದ್ದರೆ ಉಳಿದ 48 ಪೇಪರ್‌ಗೆ ಸಿಕ್ಕಿದ್ದು 30. ಆ 48ರಲ್ಲಿ ಒಂದನ್ನು ಬರೆದವರಿಗೂ ನಾವು 2ರ ಗೌರವ ಕೊಡುತ್ತೇವೆ. ಎರಡು ವರ್ಷದ ಕಿಟಕಿಯಂತೂ ನಮಗೆ ಹೇಳಿ ಮಾಡಿಸಿದ ಅನ್ಯಾಯ. ನಮ್ಮ ಪ್ರಯೋಗವನ್ನು ಓದಿ ಇನ್ನೊಬ್ಬರು ಗಿಡ ನೆಟ್ಟು ಫಲ ನೋಡಿ ಬರೆಯುವ ಹೊತ್ತಿಗೆ ಆ ಕಿಟಕಿ ಮುಚ್ಚಿ ವರ್ಷಗಳಾಗಿರುತ್ತವೆ.

ಕೊಡಗಿನಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳು ದಾಖಲಾಗಿವೆ. ಒಂದು ಊರಿನ ದೇವರಕಾಡಿನ ಮರಗಳ ಪಟ್ಟಿ, ಹದಿನೈದು ವರ್ಷಕ್ಕೊಮ್ಮೆ ಅದೇ ಜಾಗದಲ್ಲಿ ಮತ್ತೆ ಅಳತೆ, ಊರಿನವರ ಒಪ್ಪಿಗೆ ಪಡೆದು ಅವರಿಗೇ ಕನ್ನಡದಲ್ಲಿ ವರದಿ, ಇದಕ್ಕೆ ಸಿಗುವ ಅಂಕ ಏನೂ ಇಲ್ಲವೆನ್ನಬಹುದು. ಅದೇ ಅಂಕಿಗಳನ್ನು ಇಂಗ್ಲಿಷಿಗೆ ತಂದು ಕಳಿಸಿದರೆ "ವಿಷಯ ತೀರಾ ಸ್ಥಳೀಯ" ಎಂಬ ಉತ್ತರ. ಸಂಶೋಧನೆಯನ್ನು ಹೇಗೆ ಅಳೆಯಬೇಕು ಎಂದು ಹೇಳುವ 2015ರ ಲೈಡನ್ ಪ್ರಣಾಳಿಕೆಯ ಹತ್ತು ತತ್ವಗಳಲ್ಲಿ ಮೂರನೆಯದೇ ಸ್ಥಳೀಯವಾಗಿ ಮಹತ್ವದ ಸಂಶೋಧನೆಯನ್ನು ಕಾಪಾಡಿ ಎಂಬುದು. 2012ರಲ್ಲಿ ರೂಪುಗೊಂಡು 2013ರಲ್ಲಿ ಹೊರಬಂದ ಸ್ಯಾನ್ ಫ್ರಾನ್ಸಿಸ್ಕೊ ಘೋಷಣೆ, ಅಂದರೆ ಡೋರಾ, ಜರ್ನಲ್‌ನ ಅಂಕದಿಂದ ವ್ಯಕ್ತಿಯನ್ನು ಅಳೆಯಬೇಡಿ ಅನ್ನುತ್ತದೆ. ಸಹಿ ಹಾಕಿದ ಸಂಸ್ಥೆ ತನ್ನ ಅರ್ಜಿ ನಮೂನೆ ಬದಲಿಸಿದೆಯೇ ಎಂದು ನೋಡಬೇಕು. ನಮೂನೆಯಲ್ಲಿ ಇಂಪ್ಯಾಕ್ಟ್ ಫ್ಯಾಕ್ಟರ್ ಬರೆಯುವ ಕಾಲಂ ಇರುವವರೆಗೆ ಸಹಿಯಿಂದ ಏನೂ ಆಗದು.

ನಾನು ಬಯಸುವ ಬದಲಾವಣೆ ತೀರಾ ಚಿಕ್ಕದು. ಅರ್ಜಿಯಲ್ಲಿ ಎಲ್ಲ ಪೇಪರ್‌ಗಳ ಪಟ್ಟಿಯ ಬದಲು ಅರ್ಜಿದಾರರು ತಾವೇ ಆರಿಸಿದ 3 ಕೆಲಸ. ಪ್ರತಿಯೊಂದಕ್ಕೂ ಅರ್ಧ ಪುಟ: ಪ್ರಶ್ನೆ ಏನು, ನನ್ನ ಕೈಯ ಕೆಲಸ ಯಾವುದು, ದತ್ತಾಂಶ ಎಲ್ಲಿದೆ, ಯಾರು ಬಳಸಿದರು. ಸಮಿತಿಯವರು ಆ ಮೂರನ್ನೂ ಓದಿಯೇ ಬರಬೇಕು. ಬೆಳೆಗಾರರ ಕೈಪಿಡಿಯೂ ಆ ಮೂರರಲ್ಲಿ ಒಂದಾಗಬಹುದು.

ಪುಸ್ತಕದ ಕಪಾಟು

ಎಣಿಕೆಯ ಆಸೆ ಎಲ್ಲಿಗೆ ಒಯ್ಯುತ್ತದೆ ಎಂಬುದಕ್ಕೆ ಉದಾಹರಣೆ ಕಣ್ಣೆದುರೇ ಇದೆ. 2023ರಲ್ಲಿ ಹಿಂದಾವಿ ಪ್ರಕಾಶನ ಒಂದೇ ವರ್ಷದಲ್ಲಿ 8,000ಕ್ಕೂ ಹೆಚ್ಚು ಪೇಪರ್‌ಗಳನ್ನು ಹಿಂತೆಗೆದುಕೊಂಡಿತು. ಹೆಚ್ಚಿನವು ವಿಶೇಷ ಸಂಚಿಕೆಗಳಲ್ಲಿ ಬಂದವು, ರಿವ್ಯೂ ಹೆಸರಿಗೆ ಮಾತ್ರ ನಡೆದಿತ್ತು.

ಗುರುತು ಹಿಡಿಯುವುದು ಕಷ್ಟವಲ್ಲ. ಕದ್ದ ಪಠ್ಯ ಸಿಕ್ಕಿಬೀಳದಿರಲೆಂದು ಸಾಫ್ಟ್‌ವೇರ್‌ನಿಂದ ಪದ ಬದಲಿಸಿರುತ್ತಾರೆ. "ಆರ್ಟಿಫಿಶಿಯಲ್ ಇಂಟೆಲಿಜೆನ್ಸ್" ಹೋಗಿ "ಕೌಂಟರ್‌ಫಿಟ್ ಕಾನ್ಷಸ್‌ನೆಸ್" ಆಗುತ್ತದೆ, "ಬ್ರೆಸ್ಟ್ ಕ್ಯಾನ್ಸರ್" ಹೋಗಿ "ಬೋಸಂ ಪೆರಿಲ್". ತಜ್ಞರಾದವರು ಹಾಗೆ ಬರೆಯುವುದೇ ಇಲ್ಲ.

ಒಪ್ಪಬಹುದಾದ ಜರ್ನಲ್‌ಗಳ ಯುಜಿಸಿ ಕೇರ್ ಪಟ್ಟಿ 2025ರಲ್ಲಿ ನಿಂತುಹೋಯಿತು. ಜರ್ನಲ್ ಪರೀಕ್ಷಿಸುವ ಹೊಣೆ ಈಗ ಆಯಾ ಸಂಸ್ಥೆಯದು. ವಿದ್ಯಾರ್ಥಿಗಳು ನೋಡಬೇಕಾದದ್ದು: ಸಂಪಾದಕ ಮಂಡಳಿಯಲ್ಲಿರುವವರ ಸಂಸ್ಥೆಯ ಪುಟದಲ್ಲೂ ಆ ಜರ್ನಲ್‌ನ ಹೆಸರಿದೆಯೇ, ಸಲ್ಲಿಸಿದ ದಿನಕ್ಕೂ ಒಪ್ಪಿದ ದಿನಕ್ಕೂ ಎಷ್ಟು ಅಂತರ, ಜರ್ನಲ್‌ನ ಗುರುತಿನ ಐಎಸ್‌ಎಸ್‌ಎನ್ ಸಂಖ್ಯೆ ಬೇರೆ ಜರ್ನಲ್‌ನದೇ, ಹಳೆಯ ಪೇಪರ್‌ನ ಡಿಒಐ (ಶಾಶ್ವತ ಕೊಂಡಿ) ಒತ್ತಿದರೆ ತೆರೆಯುತ್ತದೆಯೇ. ಮೂರು ನಾಲ್ಕು ದಿನದಲ್ಲಿ ಒಪ್ಪಿಗೆ ಬಂದರೆ ರಿವ್ಯೂ ಆಗಿಲ್ಲವೆಂದೇ ತಿಳಿಯಿರಿ.

ಎರಡನೇ ವರ್ಷ

ಮೇಡಂ, ಸರ್, ನನ್ನದು ಪಿಎಚ್‌ಡಿ. 4 ಕೊಯ್ಲು ಕಾಯಲು ಫೆಲೋಶಿಪ್ ಸಾಲುವುದಿಲ್ಲ. ಮೊದಲ ಹಂತದ ರಿವ್ಯೂಗೆ ಇನ್ನೂ ಆರು ತಿಂಗಳು ಹೋದರೆ?

ಏಲಕ್ಕಿಮಲೆ

ಇಳುವರಿಯ ಪ್ರಶ್ನೆ ಥೀಸಿಸ್‌ಗೆ ಇಟ್ಟುಕೊಳ್ಳಬೇಡಿ. ಎರಡು ಮಳೆಗಾಲದಲ್ಲಿ ಉತ್ತರ ಸಿಗುವ ಪ್ರಶ್ನೆ ಆರಿಸಿ, ರೋಗದ ಹರಡುವಿಕೆ, ಕೀಟದ ಸಂಖ್ಯೆ, ಎಲೆಯ ಪೋಷಕಾಂಶ. ಇಲ್ಲವೇ ಸಂಸ್ಥೆಯಲ್ಲಿ ಈಗಾಗಲೇ ನಡೆಯುತ್ತಿರುವ ದೀರ್ಘ ಪ್ರಯೋಗದ ಒಂದು ತುಂಡು. ಯುಜಿಸಿಯ 2022ರ ಪಿಎಚ್‌ಡಿ ನಿಯಮಾವಳಿ ಪೇಪರ್ ಪ್ರಕಟಣೆಯ ಕಡ್ಡಾಯ ತೆಗೆದಿದೆ, ಆದರೆ ನಿಮ್ಮ ವಿಶ್ವವಿದ್ಯಾಲಯದ ಸ್ವಂತ ನಿಯಮ ಏನಿದೆ ಎಂದು ಲಿಖಿತದಲ್ಲಿ ಕೇಳಿ.

ಸಮಯದ ಚಿಂತೆಗೆ: ಸಾರಾಂಶ ಮಂಡಿಸುವ ಸಭೆ ಹೇಗೂ ಇರುತ್ತದೆಯಲ್ಲ, ಅದಕ್ಕೆ ಬರೆಯುವ ದಾಖಲೆಯನ್ನೇ ಮೊದಲ ಹಂತದ ದಾಖಲೆಯಾಗಿ ಬರೆಯಿರಿ. ಸಂಶೋಧನಾ ಯೋಜನೆ ದಾಖಲಿಸುವ ಒಎಸ್‌ಎಫ್ ಜಾಲತಾಣದಲ್ಲಿ ಉಚಿತವಾಗಿ ನೋಂದಾಯಿಸಿದರೆ ತಾರೀಖಿನ ಮುದ್ರೆ ಬೀಳುತ್ತದೆ, 4 ವರ್ಷದವರೆಗೆ ಬೇರೆಯವರಿಗೆ ಕಾಣದಂತೆ ಇಡಬಹುದು, ಯಾರೋ ಕದ್ದಾರು ಎಂಬ ಭಯ ಬೇಡ. ಪೊನ್ನಂಪೇಟೆ ಕಡೆಯ ಅರಣ್ಯ ವಿದ್ಯಾರ್ಥಿಗಳು ಸಂಶೋಧಕರೇ ಸೇರಿ ರಿವ್ಯೂ ಮಾಡುವ "ಪೀರ್ ಕಮ್ಯುನಿಟಿ ಇನ್" ತಾಣ ನೋಡಲಿ. ಅರಣ್ಯ ವಿಜ್ಞಾನಕ್ಕೂ ರಿಜಿಸ್ಟರ್ಡ್ ರಿಪೋರ್ಟ್‌ಗೂ ಅದರಲ್ಲಿ ಬೇರೆ ಬೇರೆ ಗುಂಪುಗಳಿವೆ, ಲೇಖಕರಿಂದ ದುಡ್ಡು ಕೇಳುವುದಿಲ್ಲ.

ಅಂಕಿಪೆಟ್ಟಿಗೆ

ರಿವ್ಯೂ ಬರೆಯಲು ಚಾಟ್‌ಬಾಟ್ ಬಳಸುವವರಿಗೆ ಒಂದು ಮಾತು. ಪ್ರಕಟವಾಗದ ಪೇಪರ್ ಅನ್ನು ಅದಕ್ಕೆ ಕೊಡುವುದು ಗೋಪ್ಯತೆ ಮುರಿದ ಹಾಗೆ. ಅಮೆರಿಕದ ವೈದ್ಯಕೀಯ ಸಂಶೋಧನಾ ಸಂಸ್ಥೆ ಎನ್‌ಐಎಚ್ 2023ರಲ್ಲೇ ಅನುದಾನದ ಅರ್ಜಿಗಳ ರಿವ್ಯೂನಲ್ಲಿ ಇದನ್ನು ನಿಷೇಧಿಸಿತು. 2025ರಲ್ಲಿ ಕೆಲವು ಪ್ರಿಪ್ರಿಂಟ್‌ಗಳಲ್ಲಿ (ರಿವ್ಯೂಗೆ ಮೊದಲೇ ಹೊರಬಿಟ್ಟ ಪೇಪರ್‌ಗಳಲ್ಲಿ) ಬಿಳಿ ಅಕ್ಷರದಲ್ಲಿ "ಒಳ್ಳೆಯ ಮಾತು ಮಾತ್ರ ಬರೆ" ಎಂಬ ಆದೇಶ ಅಡಗಿಸಿಟ್ಟದ್ದು ಪತ್ತೆಯಾಯಿತು. ಯಂತ್ರಕ್ಕೆ ಓದಿಸುವವರು ಇದ್ದಾರೆಂದೇ ಅದನ್ನು ಇಟ್ಟದ್ದು. ಕೋಷ್ಟಕದ ಲೆಕ್ಕ ನೀವೇ ಕೂತು ಮಾಡಿ, ಅರ್ಧ ಗಂಟೆಯ ಕೆಲಸ.

ಹೂಮಳೆ

ಹಾಗಾದರೆ ಕರಡು ಹೀಗಿರಲಿ. ಮುಂಗಾರಿನ ಪ್ರಯೋಗಕ್ಕೆ ಪ್ಲಾಟ್ ಗುರುತು ಏಪ್ರಿಲ್ ಒಳಗೆ ಆಗಬೇಕು. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಅರೇಬಿಕಾ, ರೊಬಸ್ಟಾ ಕೊಯ್ಲಿನಲ್ಲಿ ಬೆಳೆಗಾರ ರಿವ್ಯೂವರ್ ಸಿಗುವುದಿಲ್ಲ. ಆದ್ದರಿಂದ ಸೆಪ್ಟೆಂಬರ್‌ನ ಕೈಲ್‌ಪೊಳ್ದ್ ಹಬ್ಬ ಕಳೆದ ಮೇಲೆ ದಾಖಲೆ ಸಲ್ಲಿಸಿ ನವೆಂಬರ್-ಡಿಸೆಂಬರ್‌ನ ಪುತ್ತರಿ ಹಬ್ಬದೊಳಗೆ ರಿವ್ಯೂ ಮುಗಿಸುವುದು. ದಾಖಲೆ 6 ಪುಟ ಮೀರಬಾರದು. ರಿವ್ಯೂವರ್‌ಗೆ 3 ವಾರ, ತಿದ್ದಲು 2 ವಾರ, ನಡುವೆ ಮೂವರೂ ಸೇರಿ ಅರ್ಧ ದಿನ ತೋಟ ಸುತ್ತುವುದು. ನಕ್ಷೆಯಲ್ಲಿ ಇಳಿಜಾರು, ನೀರಿನ ದಾರಿ, ನೆರಳಿನ ಮರ, ಕಾವಲು ಸಾಲು ಕಾಣಬೇಕು. ಯಾವ ಉಪಚಾರ ಯಾವ ಪ್ಲಾಟಿಗೆ ಎಂಬುದನ್ನು ತೋಟ ಸುತ್ತಿದ ಮೇಲೆ ಚೀಟಿ ಎತ್ತಿ ನಿರ್ಧರಿಸಿ ಅಲ್ಲೇ ಫೋಟೊ ತೆಗೆಯುವುದು. ಮುಖ್ಯ ಅಳತೆ ಒಂದೇ. ಪ್ಲಾಟ್ ಕೈಬಿಡುವ ನಿಯಮ ಒಂದು ವಾಕ್ಯದಲ್ಲಿ. ವರದಿಗಳು ಝೆನೊಡೊ ಎಂಬ ಉಚಿತ ದಾಖಲೆ ಸಂಗ್ರಹ ತಾಣದಲ್ಲಿ, ಡಿಒಐ ಸಮೇತ. ರಿವ್ಯೂವರ್ ಅದನ್ನು ತಮ್ಮ ಕೆಲಸದ ಪಟ್ಟಿಯಲ್ಲಿ ತೋರಿಸಬಹುದು, ಬೆಳೆಗಾರ ರಿವ್ಯೂವರ್‌ಗೆ ಅರ್ಧ ದಿನದ ಪ್ರಯಾಣ ಖರ್ಚನ್ನು ಪ್ರಯೋಗದ ಬಜೆಟ್‌ನಲ್ಲೇ ಬರೆಯುವುದು.

ಗಾಳಿಬೀಡು ತಿರುವು

ನಕ್ಷೆಯಲ್ಲಿ ಇನ್ನೆರಡು ಸೇರಿಸಿ: ಹಿಂದಿನ ಮೂರು ವರ್ಷ ಆ ಜಾಗಕ್ಕೆ ಸುಣ್ಣ, ಗೊಬ್ಬರ, ತಾಮ್ರ ಏನೇನು ಬಿದ್ದಿದೆ, ಮತ್ತು ಮರಗಸಿ (ನೆರಳಿನ ಮರದ ಕೊಂಬೆ ಸವರುವುದು) ಕೊನೆಗೆ ಯಾವಾಗ ಆಗಿದೆ. ಬೋರ್ಡೋ ಪ್ರತಿವರ್ಷ ಹೊಡೆದ ತೋಟದ ಮೂಲೆಯಲ್ಲಿ "ಬರೀ ನೀರು" ಪ್ಲಾಟ್ ಇಟ್ಟರೆ ಅದು ಬರೀ ನೀರಲ್ಲ. ಇದನ್ನು ಹೇಳಬಲ್ಲವರು ತೋಟದ ಲೆಕ್ಕ ಬರೆಯುವ ರೈಟರ್. ತೋಟ ಸುತ್ತುವ ದಿನ ಅವರನ್ನೂ ಕರೆಯಿರಿ, ಸಿಂಪಡಣೆಯ ಪುಸ್ತಕ ಅವರ ಹತ್ತಿರವೇ ಇರುತ್ತದೆ.